ಸೆನ್ಸೆಕ್ಸ್ ಏರಿತು, ಸರಿ. ಎಷ್ಟು ಷೇರು ಏರಿದವು?

ಸಂಜೆ ಟಿವಿಯಲ್ಲಿ, ಮಾರನೇ ದಿನ ಪೇಪರ್‌ನಲ್ಲಿ, ನಡುವೆ ಹತ್ತಾರು ಸಲ ಮೊಬೈಲ್ ನೋಟಿಫಿಕೇಶನ್‌ನಲ್ಲಿ ಒಂದೇ ಸುದ್ದಿ: ಸೆನ್ಸೆಕ್ಸ್ ಇಷ್ಟು ಅಂಶ ಏರಿತು, ನಿಫ್ಟಿ ಇಷ್ಟು ಇಳಿಯಿತು. ಪಕ್ಕದಲ್ಲಿ ಗೂಳಿಯದೋ ಕರಡಿಯದೋ ಒಂದು ಚಿತ್ರ. ಇದನ್ನೇ ನಾವು ‘ಮಾರ್ಕೆಟ್’ ಅಂತ ನಂಬಿಕೊಂಡು, ಸಂಬಳದ ಒಂದು ಪಾಲನ್ನು ಎಲ್ಲಿ ಹಾಕಬೇಕು, ಯಾವಾಗ ತೆಗೀಬೇಕು ಅಂತ ತೀರ್ಮಾನ ಮಾಡ್ತೀವಿ. ನನ್ನ ತಕರಾರು ಶುರುವಾಗೋದೇ ಇಲ್ಲಿ.

ನಿಫ್ಟಿಯಲ್ಲಿ ಇರೋದು 50 ಕಂಪನಿ. ಅದರಲ್ಲೂ ದೊಡ್ಡ ಹತ್ತು ಕಂಪನಿಗಳ ತೂಕವೇ ಅರ್ಧಕ್ಕಿಂತ ಹೆಚ್ಚು. ಎಚ್‌ಡಿಎಫ್‌ಸಿ ಬ್ಯಾಂಕ್, ರಿಲಯನ್ಸ್, ಐಸಿಐಸಿಐ ಬ್ಯಾಂಕ್ ಮೂರೂ ಚೆನ್ನಾಗಿ ಏರಿದ ದಿನ ಉಳಿದವರಲ್ಲಿ ಮೂವತ್ತು ಕಂಪನಿ ಇಳಿದರೂ ಸೂಚ್ಯಂಕ ಹಸಿರಾಗಿರಬಹುದು. ಎನ್‌ಎಸ್‌ಇಯಲ್ಲಿರುವ ಎರಡು ಸಾವಿರಕ್ಕೂ ಹೆಚ್ಚು ಷೇರುಗಳ ಗತಿ ಏನಾಯ್ತು ಅಂತ ಆ ಹಸಿರು ಹೇಳಲ್ಲ. ಆಗುಂಬೆಯ ಮಳೆಯನ್ನೂ ಚಳ್ಳಕೆರೆಯ ಮಳೆಯನ್ನೂ ಕೂಡಿಸಿ ಭಾಗಿಸಿ ‘ರಾಜ್ಯದಲ್ಲಿ ವಾಡಿಕೆ ಮಳೆ’ ಅಂತ ವರದಿ ಕೊಟ್ಟ ಹಾಗೆ. ಚಳ್ಳಕೆರೆಯ ಶೇಂಗಾ ಬೆಳೆಗಾರ ಆ ಸರಾಸರಿ ಇಟ್ಕೊಂಡು ಏನು ಮಾಡ್ಬೇಕು?

ಇದಕ್ಕೆ ಪರಿಹಾರ ಹಳೆಯದು, ಪುಕ್ಕಟೆ ಸಿಗುವಂಥದ್ದು: ತೂಕ ಬಿಟ್ಟು ತಲೆ ಎಣಿಸೋದು. ಮಾರ್ಕೆಟ್ ಬ್ರೆಡ್ತ್ ಅಂತಾರಲ್ಲ, ಪೇಟೆಯ ಹರವು, ಅದು ಇಷ್ಟೇ. ಇವತ್ತು ಎಷ್ಟು ಷೇರು ಏರಿದವು, ಎಷ್ಟು ಇಳಿದವು? ಆ ವ್ಯತ್ಯಾಸವನ್ನು ದಿನದಿನವೂ ಕೂಡಿಸುತ್ತಾ ಹೋದರೆ ಅಡ್ವಾನ್ಸ್-ಡಿಕ್ಲೈನ್ ಲೈನ್. ಎಷ್ಟು ಷೇರು ತಮ್ಮದೇ 200 ದಿನಗಳ ಸರಾಸರಿ ಬೆಲೆಗಿಂತ ಮೇಲಿವೆ? ಎಷ್ಟು ಷೇರು 52 ವಾರಗಳ ಹೊಸ ಎತ್ತರ ಮುಟ್ಟಿದವು, ಎಷ್ಟು ಹೊಸ ತಳ ಕಂಡವು? ಏಳನೇ ಕ್ಲಾಸಿನ ಗಣಿತ ಸಾಕು.

ಈ ಎಣಿಕೆ ನೋಡದೆ ಇದ್ದರೆ ಏನಾಗುತ್ತೆ ಅನ್ನೋದಕ್ಕೆ 2018ರಿಂದ 2020ರವರೆಗಿನ ಕಥೆ ಸಾಕು. 2018ರ ಜನವರಿಯಲ್ಲಿ ಮಿಡ್‌ಕ್ಯಾಪ್, ಸ್ಮಾಲ್‌ಕ್ಯಾಪ್ ಸೂಚ್ಯಂಕಗಳು ತುದಿ ಮುಟ್ಟಿ ಜಾರತೊಡಗಿದವು. ಅದೇ ವರ್ಷ ಆಗಸ್ಟ್ ಕೊನೆಗೆ ನಿಫ್ಟಿ 11,700 ದಾಟಿ ದಾಖಲೆ ಬರೆಯಿತು. ಮಿಡ್‌ಕ್ಯಾಪ್, ಸ್ಮಾಲ್‌ಕ್ಯಾಪ್‌ಗಳು ಮಾತ್ರ ಜನವರಿಯ ಎತ್ತರಕ್ಕೆ ಮರಳಲೇ ಇಲ್ಲ. ಸೆಪ್ಟೆಂಬರ್‌ನಲ್ಲಿ ಐಎಲ್ ಅಂಡ್ ಎಫ್‌ಎಸ್ ಸಾಲ ತೀರಿಸಲಾಗದೆ ಕೈಚೆಲ್ಲಿದಾಗ ಅವು ಇನ್ನಷ್ಟು ಕುಸಿದವು. 2020ರ ಜನವರಿಯಲ್ಲಿ ನಿಫ್ಟಿ 12,400ರ ಹತ್ತಿರ ಮತ್ತೊಂದು ದಾಖಲೆ ಬರೆದಾಗ ಸ್ಮಾಲ್‌ಕ್ಯಾಪ್ 100 ಸೂಚ್ಯಂಕ ತನ್ನ ತುದಿಗಿಂತ ಸುಮಾರು ಮೂರನೇ ಒಂದು ಭಾಗ ಕೆಳಗಿತ್ತು. ಎರಡು ವರ್ಷ ಪೇಪರ್‌ಗಳಲ್ಲಿ ಗೂಳಿ ಓಡಿದ್ದೇ ಓಡಿದ್ದು. ಆ ಎರಡೂ ವರ್ಷ ಹೆಚ್ಚಿನ ಷೇರುಗಳ ಮಟ್ಟಿಗೆ ಅದು ಕರಡಿ ಪೇಟೆ.

ಇದರಿಂದ ಪೆಟ್ಟು ತಿಂದವರು ಯಾರು? ನಮ್ಮ ನಿಮ್ಮಂಥೋರೇ. ‘ಮಾರ್ಕೆಟ್ ದಾಖಲೆ ಎತ್ತರದಲ್ಲಿದೆ, ನನ್ನ ಫಂಡ್ ಮಾತ್ರ ಮೈನಸ್’ ಅಂತ ಆ ದಿನಗಳಲ್ಲಿ ಕ್ಯಾಂಟೀನಿನಲ್ಲಿ ಗೊಣಗದ ಟೀಮ್ ಇರಲಿಲ್ಲ. ಕೆಲವರು ಫಂಡ್ ಮ್ಯಾನೇಜರ್‌ನನ್ನು ಬೈದರು, ಕೆಲವರು ತಮ್ಮ ಹಣೆಬರಹವನ್ನು. ನನ್ನ ಸಹೋದ್ಯೋಗಿಯೊಬ್ಬ, ಫ್ಲ್ಯಾಟಿನ ಡೌನ್ ಪೇಮೆಂಟ್‌ಗೆ ಅಂತ ಮೂರು ವರ್ಷ ಕೂಡಿಟ್ಟ ಸ್ಮಾಲ್‌ಕ್ಯಾಪ್ ಫಂಡನ್ನು 2020ರ ಮಾರ್ಚ್ ಕೊನೇ ವಾರದಲ್ಲಿ ಪೂರ್ತಿ ಮಾರಿದ. ಮಾರ್ಚ್ 23ರಂದು ಒಂದೇ ದಿನ ನಿಫ್ಟಿ ಸುಮಾರು ಶೇ 13ರಷ್ಟು ಬಿದ್ದು 7,610ಕ್ಕೆ ನಿಂತಿತ್ತು. ಅವನಿಗೆ ಬುದ್ಧಿ ಇರಲಿಲ್ಲ ಅಂತ ನಾನು ಹೇಳಲ್ಲ. ಅವನ ಕಣ್ಣ ಮುಂದೆ ಇಟ್ಟಿದ್ದು ಒಂದೇ ಅಂಕಿ, ಅದೂ ಬಿದ್ದದ್ದರ ಲೆಕ್ಕ. ನಿಫ್ಟಿ 500ರಲ್ಲಿ 200 ದಿನಗಳ ಸರಾಸರಿಯ ಮೇಲೆ ಉಳಿದಿದ್ದ ಷೇರುಗಳು ನೂರಕ್ಕೆ ಹತ್ತೂ ಇರಲಿಲ್ಲ, ಇಂಥ ಸ್ಥಿತಿ ಅಪರೂಪ, ಎಲ್ಲರೂ ಎಲ್ಲವನ್ನೂ ಮಾರಿ ಮುಗಿಸುವ ಹೊತ್ತಿಗೆ ಬರುವಂಥದ್ದು ಅಂತ ಅವನಿಗೆ ಯಾರೂ ಹೇಳಲಿಲ್ಲ. ನವೆಂಬರ್ ಹೊತ್ತಿಗೆ ನಿಫ್ಟಿ ಹಳೇ ದಾಖಲೆ ದಾಟಿತು. ಆ ನವೆಂಬರ್‌ನಲ್ಲಿ ದೇಶದ ತಿಂಗಳ ಎಸ್‌ಐಪಿ ಮೊತ್ತ ಮಾತ್ರ, ಮಾರ್ಚ್‌ನ 8,600 ಕೋಟಿಯಿಂದ 7,300 ಕೋಟಿಯ ಆಸುಪಾಸಿಗೆ ಇಳಿದಿತ್ತು. ಸಂಬಳ ಕಟ್ ಆಗಿ ನಿಲ್ಲಿಸಿದವರು ಬೇರೆ; ಹೆದರಿ ನಿಲ್ಲಿಸಿದವರೂ ಕಡಿಮೆ ಇರಲಿಲ್ಲ.

ಹಾಗಂತ ಇನ್ನೊಂದು ಗುಂಪಿನ ಮೇಲೂ ನನಗೆ ಕೋಪವಿದೆ. ಟೆಲಿಗ್ರಾಂನಲ್ಲಿ, ವೀಕೆಂಡ್ ವೆಬಿನಾರ್‌ಗಳಲ್ಲಿ ಇದೇ ಬ್ರೆಡ್ತನ್ನು ಮಂತ್ರದ ತಾಯಿತದ ಹಾಗೆ ಮಾರುವವರು. ‘2020ರ ಕುಸಿತವನ್ನು ಬ್ರೆಡ್ತ್ ಮೊದಲೇ ಹೇಳಿತ್ತು’ ಅಂತ ಸ್ಲೈಡ್ ಹಾಕ್ತಾರೆ. ಏನು, ಅಡ್ವಾನ್ಸ್-ಡಿಕ್ಲೈನ್ ಲೈನಿಗೆ ವೈರಸ್ ಬರೋದು ಗೊತ್ತಿತ್ತಾ ಸ್ವಾಮಿ? 2018ರಲ್ಲಿ ಹರವು ಕುಗ್ಗಿದ್ದು ನಿಜ, ಆಮೇಲೂ ನಿಫ್ಟಿ ಎರಡು ವರ್ಷ ಹೊಸ ಎತ್ತರಗಳನ್ನು ಮುಟ್ಟಿದ್ದೂ ಅಷ್ಟೇ ನಿಜ.

ಈ ಎಣಿಕೆ ಬೆಳೆದದ್ದು ಅಮೆರಿಕದಲ್ಲಿ, ಅದರ ಅತಿ ದೊಡ್ಡ ಎಚ್ಚರಿಕೆ ಸಿಗೋದೂ ಅಲ್ಲೇ. ನ್ಯೂಯಾರ್ಕ್ ಪೇಟೆಯ ಅಡ್ವಾನ್ಸ್-ಡಿಕ್ಲೈನ್ ಲೈನ್ ತುದಿ ಮುಟ್ಟಿದ್ದು 1998ರ ಏಪ್ರಿಲ್‌ನಲ್ಲಿ. ಎಸ್ ಅಂಡ್ ಪಿ 500 ತುದಿ ಮುಟ್ಟಿದ್ದು 2000ದ ಮಾರ್ಚ್‌ನಲ್ಲಿ. ಆ ಎರಡು ವರ್ಷದಲ್ಲಿ ನಾಸ್ಡಾಕ್ ಎರಡು ಪಟ್ಟಿಗೂ ಹೆಚ್ಚಾಯಿತು. 1998ರಲ್ಲೇ ಶಾರ್ಟ್ ಮಾಡಿ ಕೂತವನು ‘ನಾನು ಹೇಳಿದ್ದೇ ಸರಿ’ ಅನ್ನೋ ಹೊತ್ತಿಗೆ ಅಕೌಂಟ್ ಖಾಲಿ.

ತುದಿಯೂ ತಳವೂ ಒಂದೇ ಥರ ವರ್ತಿಸಲ್ಲ ಅನ್ನೋದನ್ನು ಈ ಕೋರ್ಸುಗಳು ಹೇಳೋದಿಲ್ಲ. ಭಯ ಬಂದಾಗ ಆಯ್ಕೆ ಇರಲ್ಲ: ಸಾಲ ತಂದು ಆಡಿದವನಿಗೆ ಬ್ರೋಕರ್ ಫೋನ್ ಮಾಡ್ತಾನೆ, ಫಂಡ್‌ಗೆ ಹಣ ವಾಪಸ್ ಕೇಳಿ ಜನ ಬರ್ತಾರೆ, ಒಳ್ಳೆಯದು ಕೆಟ್ಟದ್ದು ಎಲ್ಲಾ ಒಟ್ಟಿಗೆ ಮಾರಾಟ. ಅದಕ್ಕೇ ತಳದಲ್ಲಿ ಹರವು ಚೂಪಾಗಿ, ಎದ್ದು ಕಾಣುವಂತೆ ಕುಸಿಯುತ್ತೆ. ಆಸೆಯ ಕಾಲದಲ್ಲಿ ಹಾಗಲ್ಲ. ದುಡ್ಡು ನಿಧಾನಕ್ಕೆ ಕೆಲವೇ ಹೆಸರುಗಳ ಕಡೆ ಸರಿಯುತ್ತೆ, ವರ್ಷಗಟ್ಟಲೆ ಹಾಗೇ ಇರಬಹುದು. ತಳದಲ್ಲೂ ಆತುರ ಬೇಡ. 2008ರ ಜುಲೈನಲ್ಲೇ ನಮ್ಮ ಬಹುಪಾಲು ಷೇರುಗಳು 200 ದಿನಗಳ ಸರಾಸರಿಯ ಕೆಳಗೆ ಬಿದ್ದಿದ್ದವು, ನಿಫ್ಟಿ 3,800ರ ಆಸುಪಾಸು ತಲುಪಿತ್ತು. ಅಕ್ಟೋಬರ್ 27ರಂದು ಅದು 2,252 ಕಂಡಿತು. ಹರವು ಕುಸಿದಾಗ ಎಸ್‌ಐಪಿ ನಿಲ್ಲಿಸಬೇಡಿ ಅನ್ನೋದಕ್ಕೆ ಈ ಎಣಿಕೆ ಆಧಾರ ಆದೀತು. ಪರ್ಸನಲ್ ಲೋನ್ ತಂದು ಹಾಕಿ ಅನ್ನೋದಕ್ಕೆ ಆಗಲ್ಲ.

ಸ್ಲೈಡುಗಳಲ್ಲಿ ಇನ್ನೊಂದು ಮೋಸವಿದೆ, ಗೊತ್ತಿದ್ದು ಮಾಡ್ತಾರೋ ಗೊತ್ತಿಲ್ಲದೆಯೋ. ಇವತ್ತಿನ ನಿಫ್ಟಿ 500 ಪಟ್ಟಿ ತಗೊಂಡು ಹತ್ತು ವರ್ಷ ಹಿಂದಕ್ಕೆ ಚಾರ್ಟ್ ಎಳೀತಾರೆ. ಆ ಪಟ್ಟಿಯಲ್ಲಿ ಡಿಎಚ್‌ಎಫ್‌ಎಲ್ ಎಲ್ಲಿ? ಸತ್ತವರನ್ನು ಬಿಟ್ಟು ಬದುಕಿದವರನ್ನಷ್ಟೇ ಎಣಿಸಿದರೆ ಯಾವ ಕಾಯಿಲೆಗೂ ಒಳ್ಳೇ ಗುಣಮುಖ ಪ್ರಮಾಣ ಸಿಗುತ್ತೆ. ಬಿಎಸ್‌ಇಯ ಇಡೀ ಪಟ್ಟಿ ಎಣಿಸಿದರೆ ಉಲ್ಟಾ ಸಮಸ್ಯೆ: ದಿನಕ್ಕೆ ನೂರು ಷೇರೂ ಕೈ ಬದಲಾಗದ, ಸರ್ಕ್ಯೂಟಿಗೆ ಬಿದ್ದು ಕೂತ ಪೆನ್ನಿ ಸ್ಟಾಕ್‌ಗಳ ಗದ್ದಲ. ಆಯಾ ಕಾಲದ ನಿಫ್ಟಿ 500 ಪಟ್ಟಿ ಇಟ್ಕೊಂಡ ಲೆಕ್ಕ ಮಾತ್ರ ನಾನು ಒಪ್ಪೋದು.

ನನ್ನ ಬೇಡಿಕೆ ದೊಡ್ಡದೇನಲ್ಲ. ಏರಿದ, ಇಳಿದ ಷೇರುಗಳ ಸಂಖ್ಯೆಯನ್ನು ಎರಡೂ ವಿನಿಮಯ ಕೇಂದ್ರಗಳು ದಿನಾ ಪುಕ್ಕಟೆ ಕೊಡುತ್ತವೆ. ವಾಣಿಜ್ಯ ಪುಟದವರು ಗೂಳಿಯ ಚಿತ್ರಕ್ಕೆ ಕೊಡುವ ಜಾಗದಲ್ಲಿ ಎರಡು ಸಾಲು ಬಿಡಲಿ: ಇವತ್ತು ಇಷ್ಟು ಏರಿದವು, ಇಷ್ಟು ಇಳಿದವು, ನಿಫ್ಟಿ 500ರಲ್ಲಿ ಇಷ್ಟು ಷೇರು 200 ದಿನಗಳ ಸರಾಸರಿಯ ಮೇಲಿವೆ. ಬ್ರೋಕಿಂಗ್ ಆ್ಯಪ್‌ಗಳೂ ಅಷ್ಟೇ. ಎಫ್ ಅಂಡ್ ಒ ಬಟನ್ ಇಟ್ಟಿರುವಷ್ಟೇ ಎದುರಿಗೆ, ಅಷ್ಟೇ ದೊಡ್ಡ ಅಕ್ಷರದಲ್ಲಿ ಈ ಎರಡು ಅಂಕಿ ಹಾಕಲಿ.