ಹುಲೀನ ಕೊಲ್ಲೋಕೆ ಹೊರಟವರು

ಆಫೀಸಿನ ಧ್ಯಾನದ ಸೆಷನ್‌ಗಳಲ್ಲಿ ಒಂದೇ ಹಾಡು: ಯೋಚನೆ ಖಾಲಿ ಮಾಡಿ, ಎನರ್ಜಿ ಹರೀಲಿ. ಖಾಲಿ ಮಾಡೋಕೆ ಮನಸ್ಸೇನು ಬಕೆಟ್ಟಾ ಸ್ವಾಮಿ? ಆಗದವರು ತಪ್ಪು ತಮ್ಮದೇ ಅಂದ್ಕೊಂಡು ಧ್ಯಾನವನ್ನೇ ಬಿಡ್ತಾರೆ. 1987ರಲ್ಲೇ ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ತೋರಿಸಿದ್ದರು: ಬಿಳಿ ಕರಡಿಯನ್ನು ನೆನೆಯಬೇಡಿ ಅಂದರೆ ಅದೇ ಮತ್ತೆ ಮತ್ತೆ ಬರುತ್ತೆ.

ನಮ್ಮ ಹರವೆ ಕಡೆ ಇದಕ್ಕೆ ಲ್ಯಾಬ್ ಬೇಕಿಲ್ಲ. ಹುಲಿ ಮೇಲೆ ಕೂತ ಮಾದಪ್ಪನ ಫೋಟೋ ಸಾಕು. ಆತ ಹುಲೀನ ಕೊಲ್ಲಲಿಲ್ಲ, ಏರಿ ಕೂತ. ಅಪ್ರೈಸಲ್ ಚಿಂತೆ ಬಂದಾಗ 'ಬಂತು' ಅಂತ ಗುರುತಿಸಿ ಉಸಿರಿಗೆ ವಾಪಸಾಗಿ. ಜಗಳಕ್ಕೆ ಪೋಲಾಗ್ತಿದ್ದ ಶಕ್ತಿ ಉಳಿಯುತ್ತೆ. ನಾನು ನಂಬೋ ಆಧ್ಯಾತ್ಮಿಕ ಶಕ್ತಿ ಇಷ್ಟೇ.

ಇವತ್ತು ಬೆಳಗ್ಗೆ 20 ನಿಮಿಷ ಕೂತಿದ್ದೆ. ಇಎಂಐ ಲೆಕ್ಕ ಏಳೆಂಟು ಸಲ ಬಂತು. ನಾನು ಏಳಲಿಲ್ಲ.