ಇಲ್ಲದ ಕಾಲಿನ ನೋವು

ಪುಣೆಯಲ್ಲಿ 1944ರಲ್ಲಿ ಸ್ಥಾಪಿತವಾದ ಸೇನೆಯ ಕೃತಕ ಅವಯವ ಕೇಂದ್ರವು ಕಾಲು ಕಳೆದುಕೊಂಡ ಯೋಧರನ್ನು ಮರಳಿ ನಡೆಯಿಸುತ್ತ ಬಂದಿದೆ. ಆದರೆ ಅಲ್ಲಿಯ ಸಮನೆಲದಲ್ಲಿ ಕಲಿತ ನಡಿಗೆಯು ಸಾಗರ, ಹೊಸನಗರ, ತೀರ್ಥಹಳ್ಳಿಗಳ ಪಾಚಿಗಟ್ಟಿದ ಮೆಟ್ಟಿಲುಗಳಿಗೂ ಅಡಕೆ ತೋಟದ ಕಾಲುಸಂಕಗಳಿಗೂ ಸಾಲದು. ಮಳೆಗಾಲದ ತೇವಕ್ಕೆ ಮೊಂಡುಗಾಲಿನ ಚರ್ಮ ಹುಣ್ಣಾಗುತ್ತದೆ. ಅದಕ್ಕಿಂತ ಘೋರವಾದುದು ಇಲ್ಲದ ಪಾದದ ಉರಿ. ಇದು ಮನೋಭ್ರಮೆಯಲ್ಲ, ತುಂಡಾದ ನರಗಳೂ ಮಿದುಳೂ ಕಳೆದ ಅಂಗವನ್ನು ಮರೆಯದಿರುವುದರ ಫಲ. ಔಷಧದೊಡನೆ ಕನ್ನಡಿಯ ಮುಂದೆ ಮಾಡಿಸುವ ಸರಳ ಅಭ್ಯಾಸವೂ ಕೆಲವರಿಗೆ ಉಪಶಮನ ನೀಡುತ್ತದೆ.

2003ರಲ್ಲಿ ಆರಂಭವಾದ ಮಾಜಿ ಸೈನಿಕರ ಆರೋಗ್ಯ ಯೋಜನೆಯು ವೆಚ್ಚ ಭರಿಸೀತು. ಕಾಲುಸಂಕದವರೆಗೆ ಜೊತೆಗೆ ನಡೆದು ಬರುವ ವೈದ್ಯನನ್ನು ತಂದುಕೊಡಲಾರದು. ಶಾಲು ಹೊದಿಸುವುದು ಸುಲಭ. ಅದರಲ್ಲಿ ನಾವು ನಿಪುಣರೂ ಹೌದು. ಪುನರ್ವಸತಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿ ಈ ಮೂರು ತಾಲ್ಲೂಕುಗಳಿಗೆ ಮರಳಲೊಪ್ಪುವ ಹಳೆಯ ವಿದ್ಯಾರ್ಥಿಗೆ ದಾನಿಗಳು ವಿದ್ಯಾರ್ಥಿವೇತನ ನೀಡಬೇಕೆಂದು ಪ್ರಾರ್ಥಿಸುತ್ತೇನೆ.