ದಾದಿಯ ಸಂಬಳದ ಪ್ರಶ್ನೆ

ಸಯನಿನ ಲೋಕಮಾನ್ಯ ತಿಲಕ ಆಸ್ಪತ್ರೆಯ ಮೆಟ್ಟಿಲನ್ನು ಒಮ್ಮೆಯಾದರೂ ಹತ್ತದ ಕನ್ನಡ ಕುಟುಂಬವು ಈ ಆಸುಪಾಸಿನಲ್ಲಿ ವಿರಳ. 1947ರಲ್ಲಿ ಆರಂಭವಾದ ಮಹಾನಗರಪಾಲಿಕೆಯ ಈ ಆಸ್ಪತ್ರೆಯಲ್ಲಿ ಹೋಟೆಲಿನ ಹುಡುಗನೂ ಅವನ ಧಣಿಯೂ ಒಂದೇ ವಾರ್ಡಿನಲ್ಲಿ ಮಲಗಿದ್ದುಂಟು. ಗುಣಮುಖರಾಗಿ ಹೊರಬಂದವರು ಡಾಕ್ಟರರ ಹೆಸರನ್ನು ಹತ್ತು ಜನರಿಗೆ ಹೇಳುತ್ತಾರೆ. ರಾತ್ರಿಯಿಡೀ ಎಚ್ಚರವಿದ್ದು ಆರೈಕೆ ಮಾಡಿದ ಸಿಸ್ಟರಿನ ಹೆಸರನ್ನು ಕೇಳಿ ತಿಳಿದವರು ಕಡಮೆ. ಅದೇ ಮನೆಯ ಮಗಳು ತಾನು ನರ್ಸಿಂಗ್ ಕಲಿಯುವೆನೆಂದರೆ, ರಾತ್ರಿ ಪಾಳಿಗೆ ಹೋಗುವ ಹುಡುಗಿಗೆ ವರ ದೊರೆಯುವುದೆಂತು ಎಂಬ ಮಾತು ಹಿರಿಯರ ಬಾಯಿಂದ ಹೊರಡುತ್ತದೆ.

ಈ ಅಳುಕು ಕ್ರಮೇಣ ಕರಗುತ್ತಿರುವುದು ಸಂತೋಷದ ಸಂಗತಿ. ಪರೀಕ್ಷಾ ಫಲಿತಾಂಶದ ದಿನಗಳಲ್ಲಿ ನಮ್ಮ ಕಚೇರಿಗೆ ಬಂದು, ಹುಡುಗಿಯನ್ನು ನರ್ಸಿಂಗಿಗೆ ಸೇರಿಸಬಹುದೇ ಎಂದು ವಿಚಾರಿಸುವ ತಂದೆತಾಯಿಗಳಿದ್ದಾರೆ. ಅವಶ್ಯವಾಗಿ ಸೇರಿಸಬಹುದು. ಹನ್ನೆರಡನೆಯ ತರಗತಿಯ ಬಳಿಕ ಮೂರು ವರ್ಷಗಳ ಡಿಪ್ಲೊಮಾ ಇದೆ. ನಾಲ್ಕು ವರ್ಷಗಳ ಬಿ.ಎಸ್ಸಿ. ಇದೆ. ಆದರೆ ಅವರು ಕೇಳದೆ ಬಿಡುವ ಪ್ರಶ್ನೆಯೊಂದಿದೆ: ಕಲಿತಾದ ಮೇಲೆ ಅವಳ ಕೈಗೆ ಬರುವುದೆಷ್ಟು?

ಏಳನೆಯ ವೇತನ ಆಯೋಗದ ಶ್ರೇಣಿಯಲ್ಲಿ ಕೇಂದ್ರ ಸರಕಾರದ ದಾದಿಗೆ ನಿಗದಿಯಾದ ಆರಂಭದ ಮೂಲವೇತನವು 44,900 ರೂಪಾಯಿ. ಖಾಸಗಿಯವರ ಮಾತು ಬೇರೆ. ಹೋಟೆಲು ನಡೆಸಿದವರಾದ ನಮಗೆ ಸಂಬಳದ ಲೆಕ್ಕ ತಿಳಿಯದ್ದಲ್ಲ. ನಾವು ಕಂಡ ಕೆಲವು ನರ್ಸಿಂಗ್ ಹೋಮುಗಳಲ್ಲಿ, ತರಬೇತಿ ಹೊಂದಿದ ದಾದಿಯ ಸಂಬಳವು ದೋಸೆ ಹೊಯ್ಯುವ ನುರಿತ ಭಟ್ಟರ ಸಂಬಳಕ್ಕಿಂತ ಕಡಮೆ. ಭಟ್ಟರಿಗಾದರೋ ಊಟ, ವಸತಿ ಬೇರೆ. ಭಟ್ಟರ ಸಂಬಳ ಹೆಚ್ಚಾಯಿತೆಂದು ಇದರ ಅರ್ಥವಲ್ಲ. ನಮ್ಮ ಹಳೆಯ ವೃತ್ತಿಬಾಂಧವರು ತಪ್ಪು ತಿಳಿಯಬಾರದು.

2016ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ಕೇಂದ್ರವು ನೇಮಿಸಿದ ಸಮಿತಿಯು ಈ ವಿಷಯದಲ್ಲಿ ಸ್ಪಷ್ಟವಾಗಿ ಮಾತಾಡಿದೆ. 200ಕ್ಕೂ ಹೆಚ್ಚು ಹಾಸಿಗೆಗಳ ಖಾಸಗಿ ಆಸ್ಪತ್ರೆಯು ರಾಜ್ಯ ಸರಕಾರದ ದಾದಿಗೆ ಸಮಾನವಾದ ವೇತನವನ್ನು ಕೊಡಬೇಕು. 50ಕ್ಕಿಂತ ಕಡಮೆ ಹಾಸಿಗೆಗಳ ಸಣ್ಣ ಆಸ್ಪತ್ರೆಯಲ್ಲಿಯೂ ತಿಂಗಳಿಗೆ 20,000 ರೂಪಾಯಿಗೆ ಕಡಮೆಯಾಗಕೂಡದು. ಆದರೆ ಇದು ಶಿಫಾರಸು. ಶಿಫಾರಸು ಕಪಾಟಿನಲ್ಲಿ ಸುಖವಾಗಿ ನಿದ್ರಿಸಬಲ್ಲದು.

ಮಂಗಳೂರು, ಉಡುಪಿಗಳ ಕಡೆಯಿಂದ ಕಲಿತು ಬರುವ ಹೆಣ್ಣುಮಕ್ಕಳ ಸ್ಥಿತಿಯನ್ನೂ ಗಮನಿಸಬೇಕು. ಫಾದರ್ ಮುಲ್ಲರ್ ಮೊದಲಾದ ಹಳೆಯ ಸಂಸ್ಥೆಗಳಿರುವ ಮಂಗಳೂರಿನಲ್ಲಿ ಆಸ್ಪತ್ರೆಗಳೂ ಹೆಚ್ಚು, ನರ್ಸಿಂಗ್ ಕಾಲೇಜುಗಳೂ ಹೆಚ್ಚು. ವರ್ಷವರ್ಷವೂ ಹೊಸಬರು ಬಾಗಿಲಲ್ಲಿ ನಿಂತಿರುವಾಗ ಹಳಬಳ ಸಂಬಳವನ್ನು ಏರಿಸುವ ತುರ್ತು ಯಾರಿಗೂ ಇರುವುದಿಲ್ಲ. ಆದುದರಿಂದ ಅವರು ಮುಂಬಯಿಯತ್ತ, ಕೊಲ್ಲಿ ದೇಶಗಳತ್ತ ಮುಖ ಮಾಡುತ್ತಾರೆ. ಇಲ್ಲಿಗೆ ಬರುವವರು ಮಹಾರಾಷ್ಟ್ರದ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಬೇಕು; ಪಾಲಿಕೆಯ ಕೆಲಸಕ್ಕೆ ಮರಾಠಿಯೂ ಬೇಕು. ಈ ನಗರದಲ್ಲೇ ಹುಟ್ಟಿ ಬೆಳೆದ ನಮ್ಮ ಹುಡುಗಿಯರಿಗೆ ಆ ಭಾಷೆ ಕರಗತವಾಗಿದ್ದರೂ ಅರ್ಜಿ ಹಾಕುವವರು ಸ್ವಲ್ಪವೇ.

ಸಂಬಳದೊಡನೆ ಸುರಕ್ಷೆಯ ಮಾತೂ ಬರುತ್ತದೆ. ಉತ್ತರ ಕನ್ನಡದ ಹಳದೀಪುರದಿಂದ ಬಂದು ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗ, 1973ರ ನವೆಂಬರ್ 27ರಂದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸುತ್ತಿದ್ದಾಗ ಅಲ್ಲಿಯ ನೌಕರನೊಬ್ಬನ ಕ್ರೂರ ಆಕ್ರಮಣಕ್ಕೆ ಗುರಿಯಾದರು. 2015ರ ಮೇ 18ರಂದು ಕಣ್ಣುಮುಚ್ಚುವವರೆಗೂ ಅವರಿಗೆ ಪ್ರಜ್ಞೆ ಮರಳಲಿಲ್ಲ. ನಾಲ್ಕು ದಶಕಗಳನ್ನೂ ಮೀರಿ ಅವರನ್ನು ನೋಡಿಕೊಂಡವರು ಅದೇ ಆಸ್ಪತ್ರೆಯ ದಾದಿಯರು. ಒಂದು ತಲೆಮಾರು ನಿವೃತ್ತವಾದಾಗ ಮುಂದಿನವರು ಆ ಹೊಣೆಯನ್ನು ಹೊತ್ತರು. ಅವರ ಸೇವೆಯನ್ನು ದೇಶವೇ ಹೊಗಳಿತು. ಆದರೆ ಬಟ್ಟೆ ಬದಲಿಸಲು ಬಾಗಿಲು ಭದ್ರವಾದ ಕೋಣೆಯೊಂದು ದಾದಿಗೆ ಇದೆಯೇ ಎಂದು ಆಸ್ಪತ್ರೆ ಆಸ್ಪತ್ರೆಗೆ ಹೋಗಿ ನೋಡಿದವರಾರು?

ನಮ್ಮ ಸಂಘಸಂಸ್ಥೆಗಳು ಪ್ರತಿವರ್ಷ ವಿದ್ಯಾರ್ಥಿವೇತನ ಕೊಡುತ್ತವೆ. ಶಾಲು, ಹಾರ, ಭಾವಚಿತ್ರ ಎಲ್ಲವೂ ನಡೆಯುತ್ತದೆ. ವೇದಿಕೆಯ ಮೇಲೆ ಕುಳಿತಿರುವವರಲ್ಲಿ ನರ್ಸಿಂಗ್ ಹೋಮುಗಳ ಒಡೆಯರೂ ಇರುತ್ತಾರೆ. ನಮ್ಮ ಸಮಾಜದವರ ಆಸ್ಪತ್ರೆಗಳಾದರೂ ಆ 20,000 ರೂಪಾಯಿಯ ಮೇರೆಯನ್ನು ಪಾಲಿಸುತ್ತಿವೆಯೇ, ರಾತ್ರಿ ಪಾಳಿ ಮುಗಿಸಿದವರನ್ನು ಮನೆಗೆ ತಲಪಿಸುವ ವ್ಯವಸ್ಥೆಯಿದೆಯೇ ಎಂಬುದನ್ನು ಬರುವ ವಾರ್ಷಿಕ ಮಹಾಸಭೆಯಲ್ಲಿ ಸದಸ್ಯರು ಎದ್ದು ಕೇಳಬೇಕು. ಕೊಡುತ್ತೇವೆಂದು ಲಿಖಿತವಾಗಿ ತಿಳಿಸುವವರ ಹೆಸರುಗಳನ್ನು ಈ ಪತ್ರಿಕೆಯಲ್ಲಿ ಜಾಹೀರಾತಿನ ದರ ಕೇಳದೆಯೇ ಪ್ರಕಟಿಸಲು ನಾವು ಸಿದ್ಧರಿದ್ದೇವೆ.